ಬೆಕ್ಕಿಗೆ ಪ್ರಾಸ ಸಿಕ್ಕಿತ್ತು, ಚಿತ್ರ ಸಿಗಲಿಲ್ಲ

ಕೊನೆಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಕೆ ತೋಟದ ಮನೆಗಳಲ್ಲಿ ರಾತ್ರಿ ಊಟ ಮುಗಿದ ಮೇಲೇ ನಿಜವಾದ ಕೆಲಸ ಶುರುವಾಗುತ್ತಿತ್ತು. ಜಗುಲಿಯಲ್ಲಿ ಹಸಿ ಅಡಕೆ ರಾಶಿ. ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹತ್ತು ಹನ್ನೆರಡು ಜನ. ಪಕ್ಕದಲ್ಲಿ ಏರುತ್ತಲೇ ಹೋಗುವ ಸಿಪ್ಪೆ ಗುಡ್ಡೆ, ಅದರ ಬೆಚ್ಚಗಿನ ಮೂಲೆಯಲ್ಲಿ ಮನೆಯ ಬೆಕ್ಕು. ಸುಲಿಯುವವರಿಗೆ ತೂಕಡಿಕೆ ಬರಬಾರದು ಎಂದು ಒಬ್ಬರು ಒಗಟು ಹೇಳಬೇಕು, ಇನ್ನೊಬ್ಬರು ತಾಳಮದ್ದಳೆಯ ಪದ ಗುನುಗಬೇಕು. ಮಕ್ಕಳಾಗಿದ್ದ ನಾವು ಮಲಗದೆ ಅಲ್ಲೇ ಸುಳಿದಾಡುತ್ತಿದ್ದುದು ಇದಕ್ಕೇ.

ನಮ್ಮ ಅಮ್ಮಮ್ಮ ಅಲ್ಲಿ ಬೆಕ್ಕಿನ ಪದ್ಯ ಹೇಳುತ್ತಿದ್ದಳು. ಅದಕ್ಕೆ ಕವಿ ಯಾರೆಂದಿಲ್ಲ, ಇಂಥಲ್ಲೇ ಮುಗಿಯಬೇಕೆಂದೂ ಇಲ್ಲ. ಎದುರಿಗೆ ಕೂತವರ ಹೆಸರು, ಅವತ್ತಿನ ಸುದ್ದಿ, ಯಾರದೋ ಮನೆಯ ಜಗಳ, ಪ್ರಾಸ ಕೂಡಿದರೆ ಎಲ್ಲವೂ ಒಳಗೆ ಬರುತ್ತಿದ್ದವು. ಬೆಕ್ಕು ಹಾಲು ಕದ್ದಿತು ಎಂದು ನಾವು ನಗುತ್ತಿದ್ದೆವು. ಆ ಬೆಕ್ಕು ಊರಿನ ಯಾರು ಎಂಬುದು ಗೊತ್ತಿದ್ದ ದೊಡ್ಡವರು ಬೇರೆಯೇ ನಗು ನಗುತ್ತಿದ್ದರು. ಒಂದೇ ಪದ್ಯ, ಎರಡು ನಗು.

ಹೋದ ವರ್ಷ ಅಣ್ಣನ ಮಗಳಿಗೆ ಬೆಕ್ಕಿನದೊಂದು ಚಿತ್ರಪುಸ್ತಕ ತಂದಿದ್ದೆ. ಬಣ್ಣ ಚೆಂದ, ಕಾಗದ ಚೆಂದ, ಮಾತು ಮಾತ್ರ ಇಂಗ್ಲಿಷಿನಿಂದ ಇಳಿಸಿದ ಕನ್ನಡ. ಎರಡು ಸಲ ಓದಿಸಿಕೊಂಡಳು. ಮೂರನೇ ಸಲ ಓದುವಾಗ ಆಕಳಿಸಿದ್ದು ಅವಳಲ್ಲ, ನಾನು. ಅವಳು ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು. ಓದಿ ಹೇಳುವವರಿಗೆ ಬೇಜಾರು ಬರಿಸುವ ಪುಸ್ತಕವನ್ನು ಮಗು ನಾಲ್ಕನೇ ಸಲ ಕೇಳುವುದೇ ಇಲ್ಲ. ಅಕ್ಷರ ಬಾರದ ಮಗುವಿಗೂ ಪುಸ್ತಕಕ್ಕೂ ನಡುವೆ ಯಾವಾಗಲೂ ಒಬ್ಬ ದೊಡ್ಡವನಿರುತ್ತಾನಲ್ಲ. ಇಬ್ಬರಿಗೂ ಹಿಡಿಸುವ ಪ್ರಾಸದ ಬೆಕ್ಕು ಕನ್ನಡದಲ್ಲಿ ಧಾರಾಳವಾಗಿದೆ. ಆದರೆ ಅದು ಚಿತ್ರದ ಜೊತೆ ಒಂದೇ ಪುಟದಲ್ಲಿ ಕೂತಿದ್ದು ಯಾಕಿಷ್ಟು ಕಡಿಮೆ? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದಿಷ್ಟು.

ಮೊದಲು ‘ಬೆಕ್ಕು’ ಎಂಬ ಶಬ್ದವನ್ನೇ ನೋಡಿ. ನೆಕ್ಕು, ಸಿಕ್ಕು, ಸೊಕ್ಕು, ಹೊಕ್ಕು, ಉಕ್ಕು, ನಕ್ಕು, ಮಿಕ್ಕು. ಬೆಕ್ಕು ಮಾಡುವ ಕೆಲಸಗಳೂ ಅದರ ಗುಣವೂ ಪ್ರಾಸವಾಗಿ ತಾವೇ ಬಂದು ನಿಲ್ಲುತ್ತವೆ. ಅದು ಹಿಡಿಯುವುದು ಇಲಿ, ಅದರ ದೊಡ್ಡ ನೆಂಟ ಹುಲಿ. ಅದಕ್ಕೆ ಬೇಕಾದ್ದು ಹಾಲು, ಅದು ಸುತ್ತುವುದು ನಮ್ಮ ಕಾಲು. ಹಳಗನ್ನಡ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ನಿಯಮವಿತ್ತು, ಅದೇ ಆದಿಪ್ರಾಸ. ಸಾಲಿನ ಕೊನೆಯಲ್ಲಿ ಕೂಡುವುದು ಅಂತ್ಯಪ್ರಾಸ. ಬೆಕ್ಕು ಎರಡೇ ಅಕ್ಷರದ ಶಬ್ದ. ಅದರ ಎರಡನೆಯ ಅಕ್ಷರವೇ ಕೊನೆಯ ಅಕ್ಷರ. ಹಾಗಾಗಿ ಸಾಲಿನ ಮೊದಲಿಗಿಟ್ಟರೆ ಆದಿಪ್ರಾಸ, ಕೊನೆಗಿಟ್ಟರೆ ಅಂತ್ಯಪ್ರಾಸ. ಯಕ್ಷಗಾನದ ಪದ್ಯಗಳಲ್ಲಿ ಆದಿಪ್ರಾಸ ಇಂದಿಗೂ ಉಳಿದಿದೆ. ರಾತ್ರಿಯಿಡೀ ಆಟ ನೋಡಿ ಬೆಳಗ್ಗೆ ಹಾಲು ಕರೆಯಲು ಹೋಗುವ ನಮ್ಮ ಕಡೆಯವರ ಕಿವಿಗೆ ಅದು ಯಾರೂ ಕಲಿಸದೆ ಬಂದದ್ದು. ಅಮ್ಮಮ್ಮ ಛಂದಸ್ಸು ಓದಿದವಳಲ್ಲ, ಆಟ ನೋಡಿದವಳು.

ಇನ್ನು ಅಚ್ಚಿನ ಕಥೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಆದಿಪ್ರಾಸವನ್ನು ಕೈಬಿಟ್ಟು ಪದ್ಯ ಬರೆದರು. ಅದು ದೊಡ್ಡ ಚರ್ಚೆಯೇ ಆಯಿತು. ನವೋದಯದವರು ಅಂತ್ಯಪ್ರಾಸವನ್ನು ಇಟ್ಟುಕೊಂಡರು, ನವ್ಯದವರು ಅದರ ಹಂಗನ್ನೂ ಬಿಟ್ಟರು. ದೊಡ್ಡವರ ಕಾವ್ಯದ ಅಂಗಳದಿಂದ ಹೀಗೆ ಒಂದೊಂದೇ ಹೆಜ್ಜೆ ಹೊರಬಂದ ಪ್ರಾಸ ಹೋಗಿ ಸೇರಿದ ಮನೆ ಮಕ್ಕಳ ಪದ್ಯ.

ಆ ಮನೆ ಕಟ್ಟಿದವರಲ್ಲಿ ಮೊದಲಿಗರು ಪಂಜೆ ಮಂಗೇಶರಾಯರು. ‘ಕವಿಶಿಷ್ಯ’ ಎಂಬ ಹೆಸರಲ್ಲಿ ಬರೆದವರು, ಶಾಲಾ ಇನ್ಸ್‌ಪೆಕ್ಟರಾಗಿದ್ದವರು, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ ಹಾವಿನ ಪದ್ಯ ಬಾಯಿಗೆ ಬಾರದ ಕನ್ನಡಿಗರು ಕಡಿಮೆ. ಆದರೆ ಪಂಜೆಯವರ ಮಂಗಳೂರಿಗೂ ನಮ್ಮ ಘಟ್ಟಕ್ಕೂ ನಡುವೆ ಒಂದು ಗೆರೆ ಇತ್ತು. ಒಂದೇ ಆಗಿದ್ದ ಕೆನರಾ ಜಿಲ್ಲೆ ಒಡೆದು 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. ಮಂಗಳೂರಿನ ಹುಡುಗನ ಶಾಲೆಗೆ ಮದರಾಸಿನ ಇಲಾಖೆ, ಶಿರಸಿಯ ಹುಡುಗನ ಶಾಲೆಗೆ ಮುಂಬಯಿಯ ಇಲಾಖೆ. ಮೈಸೂರು ಸೀಮೆಯದು ಮತ್ತೂ ಬೇರೆ. 1956ರ ನವೆಂಬರ್ 1ರವರೆಗೆ ಕನ್ನಡ ಮಕ್ಕಳೆಲ್ಲರನ್ನೂ ಒಂದೇ ಸರಕಾರದ ಶಾಲೆಯಲ್ಲಿ ಕೂರಿಸಲು ಸಾಧ್ಯವೇ ಇರಲಿಲ್ಲ. ಬಣ್ಣದ ಪುಸ್ತಕಕ್ಕೆ ಬೇಕಾದಷ್ಟು ದೊಡ್ಡ ಮಾರುಕಟ್ಟೆ ಆಗಬಹುದಾಗಿದ್ದ ಭಾಷೆ ಹೀಗೆ ತುಂಡುತುಂಡಾಗಿತ್ತು. ಪದ್ಯ ಗಡಿ ದಾಟಿತು, ಯಾಕೆಂದರೆ ಅದಕ್ಕೆ ಬಾಯಿ ಸಾಕು. ಚಿತ್ರ ದಾಟಬೇಕಾದರೆ ಕಾಗದ, ಬಣ್ಣ, ಅಂಗಡಿ ಎಲ್ಲ ಬೇಕು.

ಮೈಸೂರು ಸೀಮೆಯಲ್ಲಿ ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ‘ತುತ್ತೂರಿ’ ಬರೆದರು. ಅದೇ ಮನುಷ್ಯ ಕುಡುಕನ ಬಾಯಲ್ಲಿ ‘ರತ್ನನ ಪದಗಳು’ ಹಾಡಿಸಿದವರು. ನಮ್ಮ ಜಿಲ್ಲೆಯ ಅಂಕೋಲೆಯವರಾದ ದಿನಕರ ದೇಸಾಯಿ ಗಡಿಯಾರವನ್ನು ಗಂಟೆಯ ನೆಂಟನನ್ನಾಗಿ ಮಾಡಿ ಮಕ್ಕಳ ಬಾಯಿಗೆ ಕೊಟ್ಟರು. ಅದೇ ಪ್ರಾಸದ ಚುರುಕಿನಲ್ಲಿ ನಾಲ್ಕು ಸಾಲಿನ ಚುಟುಕ ಬರೆದು ಮಂತ್ರಿಗಳನ್ನೂ ಚುಚ್ಚಿದರು. ರೈತ ಚಳವಳಿಗಾಗಿ ಜಿಲ್ಲೆಯಿಂದ ಗಡಿಪಾರಾದವರು, ಮುಂದೆ ಇದೇ ಕ್ಷೇತ್ರದಿಂದ ಲೋಕಸಭೆಗೆ ಹೋದವರು ಅವರು. ಇಬ್ಬರಲ್ಲೂ ಮಗುವಿಗೆ ಒಂದು ಕಿವಿ, ದೊಡ್ಡವರಿಗೆ ಇನ್ನೊಂದು ಕಿವಿ ಎಂದಿರಲಿಲ್ಲ. ಅವರ ಮಕ್ಕಳ ಪದ್ಯ ಅಪ್ಪ ಅಮ್ಮಂದಿರಿಗೂ ಬೇಜಾರಾಗದಿರುವುದಕ್ಕೆ ಕಾರಣ ಇದೇ ಇರಬೇಕು.

ಕನ್ನಡ ಶಾಲೆ ಕಲಿತವರಿಗೆಲ್ಲ ಗೊತ್ತಿರುವ, ಅರಮನೆಗೆ ಹೋಗಿ ಬಂದ ಬೆಕ್ಕಿನ ಪದ್ಯವನ್ನೇ ತೆಗೆದುಕೊಳ್ಳಿ. ಅದರ ಮೂಲ ಇಂಗ್ಲಿಷಿನದು, 1805ರ ಹೊತ್ತಿಗೆ ಲಂಡನ್ನಿನಲ್ಲಿ ಅಚ್ಚಾಗಿತ್ತು. ಕನ್ನಡಕ್ಕೆ ಬರುವಾಗ ಶಬ್ದಕ್ಕೆ ಶಬ್ದ ಇಟ್ಟಿದ್ದರೆ ಅದು ಸತ್ತೇ ಹೋಗುತ್ತಿತ್ತು. ಇಲ್ಲಿ ಬೆಕ್ಕಿಗಾಗಿ ಹಾಲು ಕಾಯಿಸಿಟ್ಟು ಕಾಯುವ ಮನೆ ಬಂತು, ಮುದ್ದು ಬಂತು, ನಮ್ಮ ಪ್ರಾಸ ಬಂತು. ಮಕ್ಕಳು ಅದರಲ್ಲಿ ಬೆಕ್ಕನ್ನು ಕಾಣುತ್ತಾರೆ. ಪತ್ರಿಕೋದ್ಯಮ ಕಲಿತ ನಮಗೆ ಅದರಲ್ಲಿ ವರದಿಗಾರ ಕಾಣುತ್ತಾನೆ. ರಾಣಿಯ ದರ್ಬಾರಿಗೆ ಹೋಗಿಯೂ ಅದು ಬಂದು ಹೇಳಿದ್ದು ಕೆಳಗೆ ಅಡಗಿದ್ದ ಇಲಿಯ ಸುದ್ದಿಯನ್ನು! ಮತ್ತೆ ಅದೇ, ಒಂದು ಪದ್ಯ ಎರಡು ನಗು.

ಹೊರಗಿನವರು ಏನು ಮಾಡಿದರು ನೋಡೋಣ. ಬಂಗಾಳದ ಸುಕುಮಾರ ರಾಯ್ ಪದ್ಯವನ್ನೂ ಬರೆದರು, ಅದಕ್ಕೆ ಚಿತ್ರವನ್ನೂ ತಾವೇ ಬರೆದರು. ಅವರ ‘ಆಬೋಲ್ ತಾಬೋಲ್’ ಬಂದದ್ದು 1923ರಲ್ಲಿ, ಅವರು ತೀರಿಕೊಂಡ ಕೆಲವೇ ದಿನಗಳ ನಂತರ. ಕರವಸ್ತ್ರವೊಂದು ಬೆಕ್ಕಾಗಿ ಎದ್ದು ಕೂರುವ ‘ಹಜಬರಲ’ ಕಥೆಯೂ ಅವರದೇ. ಇದು ಹೇಗೆ ಸಾಧ್ಯವಾಯಿತೆಂದರೆ, ಅವರ ತಂದೆ ಉಪೇಂದ್ರಕಿಶೋರ ಚಿತ್ರದ ಬ್ಲಾಕ್ ಮಾಡುವುದರಲ್ಲಿ ಹೆಸರಾದವರು, ಮನೆಯದೇ ಮುದ್ರಣಾಲಯವಿತ್ತು, 1913ರಿಂದ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯೂ ಇತ್ತು. ಸುಕುಮಾರರು ಮುದ್ರಣ ಕಲಿಯಲೆಂದೇ ಇಂಗ್ಲೆಂಡಿಗೆ ಹೋಗಿ ಬಂದವರು. ಕವಿ, ಕಲಾವಿದ, ಅಚ್ಚುಮೊಳೆ ಒಂದೇ ಸೂರಿನಡಿ ಇದ್ದವು.

ಇಂಗ್ಲಿಷಿನ ದೊಡ್ಡ ಕವಿ ಟಿ.ಎಸ್. ಎಲಿಯಟ್ ತನ್ನ ಗೆಳೆಯರ ಮಕ್ಕಳಿಗೆ ಬರೆದ ಬೆಕ್ಕಿನ ಪದ್ಯಗಳು 1939ರಲ್ಲಿ ಪುಸ್ತಕವಾದವು. ಹೊದಿಕೆಯ ಚಿತ್ರ ಅವನದೇ. ಮರುವರ್ಷ ನಿಕೊಲಸ್ ಬೆಂಟ್ಲಿಯ ಚಿತ್ರಗಳೊಂದಿಗೆ ಇನ್ನೊಂದು ಆವೃತ್ತಿ ಬಂತು. ಅಮೆರಿಕದಲ್ಲಿ ಮಕ್ಕಳ ಓದಿನ ಪುಸ್ತಕಗಳು ನೀರಸವಾಗಿವೆ ಎಂಬ ದೂರು ಎದ್ದಾಗ ಡಾಕ್ಟರ್ ಸ್ಯೂಸ್ 1957ರಲ್ಲಿ ಟೋಪಿ ಹಾಕಿದ ಬೆಕ್ಕನ್ನು ತಂದ. ಇಡೀ ಪುಸ್ತಕದಲ್ಲಿ ಬೇರೆಬೇರೆ ಶಬ್ದಗಳು 236 ಮಾತ್ರ. ಚಿತ್ರವೂ ಅವನದೇ.

ಈಗ ಆ ‘ಕ್ಯಾಟ್’ ಮತ್ತು ‘ಹ್ಯಾಟ್’ ಅನ್ನು ಕನ್ನಡಕ್ಕೆ ತನ್ನಿ. ಬೆಕ್ಕು, ಟೋಪಿ. ಪ್ರಾಸ ಹೋಯಿತು! ಬೆಕ್ಕಿನ ತಲೆ ಮೇಲೆ ಬೇರೇನಾದರೂ ಇಡೋಣವೆಂದರೆ ಚಿತ್ರ ಆಗಲೇ ಬರೆದಾಗಿದೆ. ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಬಣ್ಣದ ಮುದ್ರಣಕ್ಕೆ ನಾಲ್ಕು ಪ್ಲೇಟು ಬೇಕು. ಅಕ್ಷರಗಳು ಕಪ್ಪು ಪ್ಲೇಟಿನಲ್ಲಿ ಮಾತ್ರ ಇದ್ದರೆ ಉಳಿದ ಮೂರನ್ನು ಹಾಗೇ ಇಟ್ಟು, ಕಪ್ಪನ್ನಷ್ಟೇ ಬದಲಿಸಿ ಹತ್ತು ಭಾಷೆಯಲ್ಲಿ ಅಚ್ಚು ಹಾಕಬಹುದು. ಸಣ್ಣ ಮಾರುಕಟ್ಟೆಯ ಭಾಷೆಗಳಿಗೆ ಬಣ್ಣದ ಪುಸ್ತಕ ಕೈಗೆಟುಕುವ ದರದಲ್ಲಿ ಸಿಗಲು ಈ ಉಪಾಯವೇ ದಾರಿಯಾಯಿತು. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್ ಹಲವು ಭಾಷೆಗಳಲ್ಲಿ ಮಕ್ಕಳ ಪುಸ್ತಕ ತಂದಿತು. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಕೂಡ ಒಂದೇ ಚಿತ್ರಕ್ಕೆ ಹಲವು ಭಾಷೆ ಜೋಡಿಸಿತು. ಇದರಿಂದ ಹಳ್ಳಿ ಶಾಲೆಯ ಕಪಾಟಿಗೂ ಬಣ್ಣ ಬಂತು, ಅದು ಸಣ್ಣ ಉಪಕಾರವಲ್ಲ. ಆದರೆ ಚಿತ್ರ ಮೊದಲು ಬಂದು ಮಾತು ಆಮೇಲೆ ಬಂದಾಗ ಮೊದಲು ಕಳಚಿ ಬೀಳುವುದು ಪ್ರಾಸವೇ. ಗದ್ಯ ಅನುವಾದವಾಗುತ್ತದೆ, ಪ್ರಾಸವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಬೇರೆ ಭಾಷೆಗೆಂದು ಬರೆದ ಚಿತ್ರದೊಳಗೆ ಹಾಗೆ ಕಟ್ಟುವುದು ಕಷ್ಟದ ಕೆಲಸ. ನಾನು ಆಕಳಿಸಿದ ಪುಸ್ತಕ ಅಂಥದ್ದು. ತಪ್ಪು ಅನುವಾದಕರದ್ದಲ್ಲ.

ಹಾಗಾದರೆ ನಮ್ಮಲ್ಲಿ ಚಿತ್ರ ಇರಲಿಲ್ಲವೇ? ಸಿದ್ದಾಪುರ, ಸಾಗರ, ಸೊರಬದ ಕಡೆ ದೀವರ ಮನೆಗಳ ಕೆಮ್ಮಣ್ಣಿನ ಗೋಡೆ ನೋಡಿದವರು ಈ ಮಾತು ಹೇಳಲಾರರು. ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಬರೆದ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಸಿಂಗರಿಸಿದ ಭೂಮಣ್ಣಿ ಬುಟ್ಟಿ, ಬರೆದವರೆಲ್ಲ ಹೆಂಗಸರು. ಚಿತ್ರ ಗೋಡೆಯ ಮೇಲಿತ್ತು, ಪದ್ಯ ಜಗುಲಿಯಲ್ಲಿತ್ತು. ಚಿತ್ತಾರದ ಮನೆ ಒಂದು ಕೇರಿ, ಅಡಕೆ ಸುಲಿಯುವ ಜಗುಲಿ ಇನ್ನೊಂದು ಕೇರಿ. ಎರಡನ್ನೂ ಕಂಡ ಮಕ್ಕಳಿದ್ದರು. ಎರಡನ್ನೂ ಸೇರಿಸಿ ಹೊಲಿಯುವ ಅಚ್ಚುಕೂಟ ಇರಲಿಲ್ಲ, ಸೇರಿಸಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಮಕ್ಕಳಿಗೆ ಬರೆಯುವವರು ನಮ್ಮ ತಾಲೂಕುಗಳಲ್ಲಿ ಇಲ್ಲವೆಂದೇನಲ್ಲ. ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಶಾಲಾ ಮಾಸ್ತರಿಕೆ ಮಾಡಿದವರು, ಕುಂಚ ಹಿಡಿಯಬಲ್ಲವರು. ಇಲ್ಲಿನ ಕಾಡು, ಇಲ್ಲಿನ ಮಕ್ಕಳು ಪುಸ್ತಕಕ್ಕೆ ಸಾಲುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಾಲದಿರುವುದು ಸಮಯ. ಈಗ ಅಡಕೆ ಸುಲಿಯಲು ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಪದ್ಯ ಹೇಳಲಾಗುವುದಿಲ್ಲ, ಹೇಳುವ ಅಗತ್ಯವೂ ಇಲ್ಲ, ಯಂತ್ರಕ್ಕೆ ತೂಕಡಿಕೆ ಬಾರದು. ಯಂತ್ರವನ್ನು ಬೈಯುವುದೂ ಸರಿಯಲ್ಲ. ಆ ಮೆಟ್ಟುಗತ್ತಿಯ ಗಾಯಗಳು ಅಮ್ಮಮ್ಮನ ಕೈಯಲ್ಲಿ ಕೊನೆಯವರೆಗೂ ಇದ್ದವು. ಮಕ್ಕಳು ಮೊಬೈಲಿನಲ್ಲಿ ಇಂಗ್ಲಿಷ್ ಬೆಕ್ಕಿನ ಹಾಡು ಕೇಳುತ್ತಾರೆ, ಅದಕ್ಕೆ ಪ್ರಾಸವೂ ಇದೆ, ಕುಣಿಯುವ ಚಿತ್ರವೂ ಇದೆ. ಅವು ನಮ್ಮ ಪದ್ಯವನ್ನು ಸೋಲಿಸಿದವು ಎನ್ನುವುದಕ್ಕಿಂತ ನಮ್ಮ ಪದ್ಯ ಪಂದ್ಯಕ್ಕೇ ಹೋಗಲಿಲ್ಲ ಎನ್ನಬೇಕು.

ಹೋದ ತಿಂಗಳು ಊರಿಗೆ ಹೋದಾಗ ಅಮ್ಮಮ್ಮನ ಪದ್ಯದಲ್ಲಿ ನೆನಪಿದ್ದಷ್ಟನ್ನು ಅಣ್ಣನ ಮಗಳಿಗೆ ಹೇಳಿದೆ. ನಡುವೆ ಮರೆತಲ್ಲಿ ಆಯಿ ಸೇರಿಸಿದಳು, ಆಯಿಗೆ ಮರೆತಲ್ಲಿ ಪಕ್ಕದ ಮನೆಯ ದೊಡ್ಡಮ್ಮ. ಮೂರು ಜನ ಕೂಡಿದರೂ ಪೂರ್ತಿ ಆಗಲಿಲ್ಲ. ಹುಡುಗಿ ಹಳೆಯ ಕ್ಯಾಲೆಂಡರಿನ ಹಿಂದೆ ಬೆಕ್ಕು ಬರೆದಳು, ಕಾಲು ಐದು ಇದ್ದವು. “ಇನ್ನೊಂದ್ಸಲ ಹೇಳು” ಎಂದಳು. ಹೇಳಿದೆ. ಮತ್ತೆ ಹೇಳು ಎಂದಳು. ಏಳನೆಯ ಸಲವೂ ಆಕಳಿಕೆ ಬರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಅರ್ಧ ಪದ್ಯ ಇರಬಹುದು. ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಚಿತ್ರಕ್ಕೆ ಜಾಗ ಬಿಡಿ.