ಪಿಟ್ಯುಯಿಟರಿ ಗ್ರಂಥಿ: ಎರಡು ಹೆಸರುಗಳ ಚರಿತ್ರೆ

ಮೆದುಳಿನ ತಳದಲ್ಲಿ, ಎಲುಬಿನ ಸಣ್ಣದೊಂದು ಕುಳಿಯೊಳಗೆ, ಬಟಾಣಿ ಕಾಳಿನಷ್ಟು ಗಾತ್ರದ ಗ್ರಂಥಿಯೊಂದುಂಟು. ಇದಕ್ಕೆ ಪಿಟ್ಯುಯಿಟರಿ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಪಿಟುಯಿಟ’ ಎಂದರೆ ಕಫ. ಮೆದುಳಿನ ಕಫವು ಈ ಗ್ರಂಥಿಯ ಮೂಲಕ ಮೂಗಿಗೆ ಇಳಿಯುವುದೆಂದು ಕ್ರಿ. ಶ. 2ನೆಯ ಶತಮಾನದ ಗ್ಯಾಲೆನನು ತಿಳಿದಿದ್ದನು. 1543ರಲ್ಲಿ ಅಂಗರಚನಾಶಾಸ್ತ್ರವನ್ನು ಹೊಸದಾಗಿ ಕಟ್ಟಿದ ವೆಸೇಲಿಯಸನೂ ಈ ಮತವನ್ನು ಬಿಡಲಿಲ್ಲ. 17ನೆಯ ಶತಮಾನದಲ್ಲಿ ಷ್ನೈಡರ್, ಲೋವರ್ ಎಂಬ ಪಂಡಿತರು ಅಂತಹ ದಾರಿಯೇ ಇಲ್ಲವೆಂದು ತೋರಿಸಿದರು. ಅರ್ಥವು ಬಿದ್ದುಹೋಯಿತು, ಹೆಸರು ಉಳಿಯಿತು.

ಕೈಕಾಲು ಮುಖಗಳು ಅತಿಯಾಗಿ ಬೆಳೆಯುವ ಅಕ್ರೊಮೆಗಲಿ ರೋಗವನ್ನು 1886ರಲ್ಲಿ ಪ್ಯಾರಿಸಿನ ಪಿಯೆರ್ ಮಾರಿ ವರ್ಣಿಸಿದನು. ಇಂತಹ ರೋಗಿಗಳಲ್ಲಿ ಈ ಗ್ರಂಥಿಯು ಊದಿರುವುದು ಬೇಗನೆ ಕಂಡುಬಂದಿತು. 1783ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಏಳೂವರೆ ಅಡಿಗೂ ಮಿಕ್ಕ ಐರಿಷ್ ದೈತ್ಯ ಚಾರ್ಲ್ಸ್ ಬರ್ನನ ತಲೆಬುರುಡೆಯನ್ನು 1909ರಲ್ಲಿ ಕುಷಿಂಗನು ತೆರೆಯಿಸಿ ನೋಡಿದಾಗ ಗ್ರಂಥಿಯ ಕುಳಿಯು ಬಹಳ ಹಿಗ್ಗಿದ್ದಿತು. 1921ರಲ್ಲಿ ಎವನ್ಸ್ ಮತ್ತು ಲಾಂಗ್ ಎಂಬವರು ಎತ್ತಿನ ಗ್ರಂಥಿಯ ಸಾರವನ್ನು ಚುಚ್ಚಿ ಇಲಿಗಳನ್ನು ದೈತ್ಯಗಾತ್ರಕ್ಕೆ ಬೆಳೆಸಿದರು. ಹೀಗೆ ಇದಕ್ಕೆ ‘ಗ್ರಂಥಿಗಳ ಒಡೆಯ’ ಎಂಬ ಎರಡನೆಯ ಹೆಸರು ಬಂದಿತು.

ಆದರೆ ಈ ಒಡೆಯನು ಸ್ವತಂತ್ರನೆ? ಗ್ರಂಥಿಯು ಹೈಪೊಥಲಾಮಸ್ ಎಂಬ ಮೆದುಳಿನ ಭಾಗಕ್ಕೆ ತೊಟ್ಟಿನಿಂದ ತೂಗಿಕೊಂಡಿದೆ. ಅದರ ಮುಂಭಾಗಕ್ಕೆ ನರಗಳ ಸಂಪರ್ಕವು ಇಲ್ಲವೆಂಬಷ್ಟು ಕಡಮೆ. 1930ರಲ್ಲಿ ಪೋಪಾ ಮತ್ತು ಫೀಲ್ಡಿಂಗ್ ಎಂಬವರು ತೊಟ್ಟಿನ ಸೂಕ್ಷ್ಮ ರಕ್ತನಾಳಗಳನ್ನು ವರ್ಣಿಸಿ, ರಕ್ತವು ಗ್ರಂಥಿಯಿಂದ ಮೇಲಕ್ಕೆ ಹರಿಯುವುದೆಂದರು. 1935ರಲ್ಲಿ ಅರ್ಜೆಂಟೀನದ ಹುಸಾಯ್ ಮತ್ತು ಸಂಗಡಿಗರು ಜೀವಂತ ಕಪ್ಪೆಯಲ್ಲಿ ಅದು ಕೆಳಕ್ಕೆ ಹರಿಯುವುದನ್ನು ಕಂಡರು. ಗ್ರೀನ್ ಮತ್ತು ಹ್ಯಾರಿಸ್ ಎಂಬವರು 1940ರ ದಶಕದ ಕೊನೆಯಲ್ಲಿ ಜೀವಂತ ಇಲಿಯಲ್ಲಿ ಇದನ್ನೇ ದೃಢಪಡಿಸಿದರು. ಇದು ಬರಿಯ ದಿಕ್ಕಿನ ವಾದವಲ್ಲ: ರಕ್ತವು ಕೆಳಕ್ಕೆ ಹರಿದರೆ ಮಾತ್ರ ಮೆದುಳಿನ ಅಪ್ಪಣೆಯು ಅದರೊಡನೆ ಗ್ರಂಥಿಗೆ ತಲುಪಬಲ್ಲುದು.

1952ರಲ್ಲಿ ಹ್ಯಾರಿಸನೂ ಯಾಕೊಬ್ಸೋನಳೂ ಇಲಿಗಳ ಗ್ರಂಥಿಯನ್ನು ತೆಗೆದು, ಬೇರೆ ಗ್ರಂಥಿಯನ್ನು ನಾಟಿದರು. ಹೈಪೊಥಲಾಮಸಿನ ಕೆಳಗೆ ನಾಟಿದ ಗ್ರಂಥಿಯು ಕೆಲಸಮಾಡಿತು. ಮೆದುಳಿನ ಪಕ್ಕದ ಭಾಗದ ಕೆಳಗೆ ನಾಟಿದ್ದು, ರಕ್ತವು ಚೆನ್ನಾಗಿ ದೊರೆತರೂ, ಸುಮ್ಮನಿದ್ದಿತು. ಜಕರ್ಮನನು ಈ ಮತವನ್ನು ಕಟುವಾಗಿ ವಿರೋಧಿಸಿದನು. ವಿರೋಧಕ್ಕೆ ಎಡೆಯಿಲ್ಲದಿರಲಿಲ್ಲ, ರಕ್ತದಲ್ಲಿ ಇಳಿಯುವ ಆ ವಸ್ತುವನ್ನು ಅದುವರೆಗೆ ಯಾರೂ ತೋರಿಸಿರಲಿಲ್ಲ.

ಲಕ್ಷಾಂತರ ಕುರಿ ಹಂದಿಗಳ ಮೆದುಳಿನ ಚೂರುಗಳನ್ನು ಶೋಧಿಸಿ, 1969ರಲ್ಲಿ ಗಿಲ್ಮೆನ್ ಮತ್ತು ಶ್ಯಾಲಿಯವರ ಪ್ರತಿಸ್ಪರ್ಧಿ ತಂಡಗಳು ಅಂತಹ ಮೊದಲನೆಯ ಹಾರ್ಮೋನಿನ ರಚನೆಯನ್ನು ನಿರ್ಧರಿಸಿದುವು. ಅದರಲ್ಲಿದ್ದುದು ಮೂರೇ ಅಮೈನೋ ಆಮ್ಲದ ಘಟಕಗಳು. 1977ರ ನೊಬೆಲ್ ಬಹುಮಾನದ ಅರ್ಧವು ಇವರಿಬ್ಬರಿಗೆ ಸಂದಿತು. 1971ರಲ್ಲಿಯೇ ತೀರಿಕೊಂಡ ಹ್ಯಾರಿಸನಿಗೆ ಅದು ದೊರೆಯಲಿಲ್ಲ. ಬೆಳೆವಣಿಗೆಯ ಹಾರ್ಮೋನನ್ನು ತಡೆಯುವ ಸೊಮಾಟೊಸ್ಟಾಟಿನ್ 1973ರಲ್ಲಿ ತಿಳಿದುಬಂದಿತು. ಅದನ್ನು ಪ್ರೇರಿಸುವ ಹಾರ್ಮೋನು 1982ರಲ್ಲಿ ಸಿಕ್ಕಿದ್ದು ಮೆದುಳಿನಲ್ಲಲ್ಲ, ಅಕ್ರೊಮೆಗಲಿಯನ್ನುಂಟುಮಾಡಿದ ಮೇದೋಜ್ಜೀರಕದ ಗೆಡ್ಡೆಯಲ್ಲಿ. ಮಾರಿಯು ವರ್ಣಿಸಿದ ರೋಗವೇ ಅದರ ಸುಳಿವನ್ನು ಕೊಟ್ಟಿತು.

ಹಾಗಾದರೆ ಹೈಪೊಥಲಾಮಸೇ ಒಡೆಯನೆನ್ನಬಹುದೆ? ಅದೂ ಸಲ್ಲದು. ಗ್ರಂಥಿಯ ಬೆಳೆವಣಿಗೆಯ ಹಾರ್ಮೋನು ಯಕೃತ್ತಿನಲ್ಲಿ ಬೇರೊಂದು ವಸ್ತುವನ್ನು ಹುಟ್ಟಿಸುವುದು. ಆ ವಸ್ತುವು ಎಲುಬನ್ನು ಬೆಳೆಸುವುದಲ್ಲದೆ, ರಕ್ತದಲ್ಲಿ ಹಿಂದಿರುಗಿ ಗ್ರಂಥಿಯನ್ನೂ ಹೈಪೊಥಲಾಮಸನ್ನೂ ಅಡಗಿಸುವುದು. ಆಳುವವನು ಆಳಿಸಿಕೊಳ್ಳುವವನೂ ಆಗಿರುವ ಈ ವ್ಯವಸ್ಥೆಗೆ ಒಡೆಯನೆಂಬ ಮಾತು ಹೊಂದದು. ಮೊದಲ ಹೆಸರು ಸುಳ್ಳಾಗಲು ಹದಿನೈದು ಶತಮಾನಗಳು ಬೇಕಾದುವು; ಎರಡನೆಯದಕ್ಕೆ ಅರ್ಧ ಶತಮಾನವು ಸಾಕಾಯಿತು.