ಒಂದೇ ಅಂಗಳದ ಎರಡು ನಾಯಿ: ಮನೆಜಗಳದ ಅಧ್ಯಯನ ನಡೆದುಬಂದ ದಾರಿ

ಮದುವೆಮನೆಯ ಹಿತ್ತಿಲಲ್ಲಿ ಎಂಜಲೆಲೆ ಬಿದ್ದಾಗ ನಾಯಿಗಳು ಯಾಕೆ ಕಚ್ಚಾಡುತ್ತವೆ ಎಂದು ಯಾರೂ ಕೇಳುವುದಿಲ್ಲ. ಹಸಿವಿದೆ, ಎಲೆಯಿದೆ, ಜಗಳವಿದೆ. ವಿವರಣೆ ಬೇಕಾಗುವುದು ಇನ್ನೊಂದು ಬಗೆಯ ಜಗಳಕ್ಕೆ. ಒಂದೇ ಮನೆಯ ಅನ್ನ ತಿಂದು, ಒಂದೇ ಜಗುಲಿಯಲ್ಲಿ ಮೈಗೆ ಮೈ ತಾಗಿಸಿ ಮಲಗಿ ಬೆಳೆದ ಎರಡು ನಾಯಿಗಳು ಎರಡನೆಯದೋ ಮೂರನೆಯದೋ ವರ್ಷ ಒಂದರ ಕಿವಿ ಇನ್ನೊಂದು ಹರಿಯುವಷ್ಟು ವೈರ ಕಟ್ಟಿಕೊಳ್ಳುತ್ತವಲ್ಲ, ಅದಕ್ಕೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಎರಡು ನಾಯಿ ಇರುವುದು ಅಪರೂಪವಲ್ಲ. ಹಗಲು ತೋಟಕ್ಕೆ ಬರುವ ಮಂಗ, ರಾತ್ರಿ ಗದ್ದೆಗಿಳಿಯುವ ಹಂದಿಗೆ ಒಂದು ಸಾಲದು ಎಂದು ಇನ್ನೊಂದು ಬರುತ್ತದೆ. ಇಲ್ಲವೇ ಇದ್ದ ಹೆಣ್ಣುನಾಯಿ ಹಾಕಿದ ಮರಿಗಳಲ್ಲಿ ಒಂದನ್ನು ಯಾರೂ ಒಯ್ಯದೆ ಅದು ಮನೆಯಲ್ಲೇ ಉಳಿಯುತ್ತದೆ. ಪೇಟೆ ಕಡೆಯ ಹೊಸ ಮನೆಗಳಿಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳೂ ಬಂದಿವೆ. ಇಂಥ ಮನೆಜಗಳದ ಬಗ್ಗೆ ಸುಮಾರು ನೂರು ವರ್ಷಗಳಲ್ಲಿ ಬೆಳೆದ ತಿಳಿವಳಿಕೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ವಿದ್ವಾಂಸರೂ ತರಬೇತುದಾರರೂ ಬಹುಕಾಲ ಕೇಳಿದ್ದು ‘ಇವೆರಡರಲ್ಲಿ ಯಾವುದು ಮೇಲು’ ಎಂದು. ಕೇಳಬೇಕಾಗಿದ್ದದ್ದು ‘ಸೋಲುವ ನಾಯಿಗೆ ಸರಿದು ಹೋಗಲು ಜಾಗವಿದೆಯೇ’ ಎಂದು.

ಮೇಲು ಕೀಳಿನ ಪ್ರಶ್ನೆ ಹುಟ್ಟಿದ್ದು ಕೋಳಿಗಳಿಂದ. ನಾರ್ವೆಯ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂದು ಗುರುತಿಟ್ಟುಕೊಂಡು, ಹಿಂಡಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಸರದಿ ಇರುವುದನ್ನು ತೋರಿಸಿದರು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಗುಂಪಿನ ತುದಿಯಲ್ಲಿ ಒಂದು ಗಂಡು, ಒಂದು ಹೆಣ್ಣು. ಆ ಸ್ಥಾನವನ್ನು ಅವು ಸದಾ ಕಾದಾಡಿ ಉಳಿಸಿಕೊಳ್ಳಬೇಕು ಎಂಬುದು ಅದರ ಚಿತ್ರ. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತೋಳದ ಮೇಲೆ ಬರೆದ ಪುಸ್ತಕದ ಮೂಲಕ ಈ ‘ಆಲ್ಫಾ’ ಮನೆಮಾತಾಯಿತು. ತೋಳದಿಂದ ನಾಯಿಗೆ ದಾಟಲು ಅದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. 1978ರಲ್ಲಿ ನ್ಯೂ ಸ್ಕೀಟ್ ಮಠದ ಸಂನ್ಯಾಸಿಗಳು ಬರೆದ ತರಬೇತಿ ಪುಸ್ತಕ, ಮಾತು ಕೇಳದ ನಾಯಿಯನ್ನು ಅಂಗಾತ ಕೆಡವಿ ಒತ್ತಿಹಿಡಿಯಿರಿ ಎಂದಿತು. 2004ರಿಂದ ದೂರದರ್ಶನದ ತರಬೇತಿ ಕಾರ್ಯಕ್ರಮಗಳು ಅದೇ ಪಾಠವನ್ನು ದೇಶದೇಶಗಳಿಗೆ ಹಂಚಿದವು. ಎರಡು ನಾಯಿಗಳ ಮನೆಗೆ ಸಿಕ್ಕ ಸಲಹೆಯೂ ಇದರಿಂದಲೇ ಹುಟ್ಟಿದ್ದು. ಯಾವುದು ಮೇಲೋ ಗುರುತಿಸಿ; ಅದಕ್ಕೇ ಮೊದಲು ಅನ್ನ ಹಾಕಿ, ಮೊದಲು ಮೈ ಸವರಿ, ಬಾಗಿಲಲ್ಲಿ ಮೊದಲು ದಾಟಲು ಬಿಡಿ; ಕೆಳಗಿನದು ಸುಮ್ಮನಾಗುತ್ತದೆ.

ಈ ಕಟ್ಟಡದ ಅಡಿಪಾಯವನ್ನು ಅಲುಗಿಸಿದವರು ಮೆಕ್ ಅವರೇ. 1986ರಿಂದ ಅವರು ಬೇಸಿಗೆಗಳನ್ನು ಕೆನಡಾದ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳ ಹತ್ತಿರದಲ್ಲಿ ಕಳೆದು, 1999ರ ಪ್ರಬಂಧದಲ್ಲಿ ಹೀಗೆ ವಾದಿಸಿದರು: ಕಾಡಿನ ತೋಳಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರ, ಮರಿಗಳು ಬೆಳೆದ ಮೇಲೆ ಮನೆ ಬಿಟ್ಟು ಹೋಗುತ್ತವೆ, ಪಟ್ಟಕ್ಕಾಗಿ ನಿತ್ಯ ಯುದ್ಧ ಅಲ್ಲಿಲ್ಲ. ಇದನ್ನು ಓದಿದ ಹಲವರು ಶೆಂಕೆಲ್ ಅವರ ಕೆಲಸವನ್ನೇ ಬದಿಗೆ ತಳ್ಳಿದರು. ಅದು ಆತುರ ಎಂದು ನನ್ನ ಅಭಿಪ್ರಾಯ. ಬಾಸೆಲ್‌ನ ತೋಳಗಳು ಕಚ್ಚಾಡಿದ್ದು ಸುಳ್ಳಲ್ಲ. ಬೆಳೆದ ಪ್ರಾಣಿಗಳು ಬೇಲಿಯೊಳಗೆ ಸಿಕ್ಕಿಬಿದ್ದು, ಸೋತದ್ದಕ್ಕೆ ಹೋಗಲು ದಾರಿಯಿಲ್ಲದಾಗ ಏನಾಗುತ್ತದೆ ಎಂಬುದನ್ನು ಶೆಂಕೆಲ್ ಸರಿಯಾಗಿಯೇ ಕಂಡರು. ಅದನ್ನು ತೋಳದ ಹುಟ್ಟುಗುಣ ಎಂದು ಓದಿಕೊಂಡದ್ದು ತಪ್ಪಾಯಿತು. ಮನೆಯ ಎರಡು ನಾಯಿಗಳ ಸ್ಥಿತಿ ಎಲ್ಸ್‌ಮಿಯರ್‌ಗಿಂತ ಬಾಸೆಲ್‌ಗೇ ಹತ್ತಿರ. ಅವು ಪರಸ್ಪರ ಆರಿಸಿಕೊಂಡು ಬಂದವಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ.

ಚಿಕಿತ್ಸಾಲಯಗಳ ದಾಖಲೆ ಬರತೊಡಗಿದ್ದು ತಡವಾಗಿ. ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯರು 1996ರಲ್ಲಿ ನಾಯಿ-ನಾಯಿ ಜಗಳದ 99 ಪ್ರಕರಣಗಳನ್ನು ಕಲೆಹಾಕಿದರು. ಬೀದಿಯ ಜಗಳಕ್ಕೂ ಮನೆಯೊಳಗಿನದಕ್ಕೂ ವ್ಯತ್ಯಾಸವಿರುವುದು, ಮನೆಜಗಳದಲ್ಲಿ ಹೆಣ್ಣುನಾಯಿಗಳ ಪಾಲು ದೊಡ್ಡದಿರುವುದು ಆಗ ಕಂಡಿತು. 2011ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದವರು ಮನೆಯೊಳಗೇ ಕಾದಾಡುವ 38 ಜೋಡಿಗಳನ್ನು ಪರಿಶೀಲಿಸಿದರು. ಐದರಲ್ಲಿ ನಾಲ್ಕು ಪಾಲಿನಷ್ಟು ಜೋಡಿಗಳು ಗಂಡು-ಗಂಡು ಅಥವಾ ಹೆಣ್ಣು-ಹೆಣ್ಣು. ಸುಮಾರು ಮೂರನೇ ಎರಡು ಪಾಲಿನಲ್ಲಿ ಹೆಣ್ಣುನಾಯಿ ಇತ್ತು. ಜಗಳ ತೆಗೆದದ್ದು ಹತ್ತರಲ್ಲಿ ಏಳರಷ್ಟು ಸಲ ಚಿಕ್ಕದು, ಮನೆಗೆ ಆಮೇಲೆ ಬಂದದ್ದು. ಕಿಡಿ ಹೊತ್ತಿದ್ದು ಒಡೆಯನ ಗಮನ, ತಿಂಡಿ, ಹಿಗ್ಗಿನ ಗದ್ದಲ, ಎಲ್ಲೋ ಸಿಕ್ಕಿದ ವಸ್ತು ಇವುಗಳಿಂದ. ‘ಗಂಡುನಾಯಿಗಳೇ ಜಗಳಗಂಟಿಗಳು, ಹೆಣ್ಣಾದರೆ ಎರಡಿದ್ದರೂ ತೊಂದರೆಯಿಲ್ಲ’ ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಎರಡೂ ನಾಯಿಗಳಿಗೆ ಏನು ಬೇಕಾದರೂ ಮೊದಲು ಕುಳಿತು ಕಾಯುವುದನ್ನು ಕಲಿಸುವ ಕ್ರಮ ಹತ್ತರಲ್ಲಿ ಒಂಬತ್ತರಷ್ಟು ಮನೆಗಳಲ್ಲಿ ಗುಣ ಕೊಟ್ಟಿತು. ಒಂದನ್ನು ಮೇಲೆಂದು ಎತ್ತಿಹಿಡಿಯುವ ಕ್ರಮದಿಂದ ಗುಣ ಕಂಡದ್ದು ಮೂರರಲ್ಲಿ ಎರಡರಷ್ಟು ಕಡೆ. ಮೂವತ್ತೆಂಟು ಜೋಡಿ ದೊಡ್ಡ ಸಂಖ್ಯೆಯಲ್ಲ. ಆಸ್ಪತ್ರೆಗೆ ಬಂದವು ಹದಗೆಟ್ಟ ಪ್ರಕರಣಗಳೇ. ಫಲ ಹೇಳಿದವರೂ ಒಡೆಯರೇ. ಇಷ್ಟನ್ನು ಕಳೆದು ನೋಡಿದರೂ ದಿಕ್ಕು ತಿಳಿಯುತ್ತದೆ. ಕಾಯಲು ಕಲಿತ ಎರಡು ನಾಯಿಗಳು ಒಂದೇ ಕ್ಷಣದಲ್ಲಿ ಒಂದೇ ಜಾಗಕ್ಕೆ ನುಗ್ಗುವುದಿಲ್ಲ. ಸರದಿಯ ಪಾಠವೆಂದು ಕರೆದರೂ ಒಳಗೆ ಅದು ಅಂತರದ ಪಾಠ.

ಹಾಗಾದರೆ ಶ್ರೇಣಿ ಎಂಬುದೇ ಇಲ್ಲವೇ? ಈ ಆಕ್ಷೇಪ ಗಟ್ಟಿಯಾದದ್ದು. 2009ರಲ್ಲಿ ಬ್ರಿಟನ್ನಿನ ಬ್ರ್ಯಾಡ್‌ಶಾ ಮತ್ತು ಜೊತೆಗಾರರು ನಾಯಿಗಳ ವಿಷಯದಲ್ಲಿ ‘ಪ್ರಾಬಲ್ಯ’ದ ವಿವರಣೆ ಉಪಯುಕ್ತವೇ, ಬರೀ ದುರಭ್ಯಾಸವೇ ಎಂದು ಕೇಳಿದರೆ, ಮರುವರ್ಷವೇ ಇಟಲಿಯ ಕಫಾಝೊ ಮತ್ತು ಸಂಗಡಿಗರು ರೋಮ್‌ನ ಬಿಡುನಾಯಿಗಳ ಗುಂಪಿನಲ್ಲಿ ಸ್ಪಷ್ಟವಾದ ಶ್ರೇಣಿ ಇರುವುದನ್ನು ತೋರಿಸಿದರು. ಆದರೆ ಅಲ್ಲಿ ಶ್ರೇಣಿ ಕಂಡದ್ದು ಹೆಚ್ಚಾಗಿ ಕೆಳಗಿನ ನಾಯಿಯ ನಡತೆಯಲ್ಲಿ: ಬಾಲ ತಗ್ಗಿಸುವುದು, ಮೂತಿ ನೆಕ್ಕುವುದು, ದಾರಿ ಬಿಡುವುದು. ದಾರಿ ಬಿಡಲು ದಾರಿ ಇರಬೇಕು. ನಮ್ಮ ದೇಶದ ಕೆಲಸವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಪಶ್ಚಿಮ ಬಂಗಾಳದ ಕಾಟ್ವಾದಲ್ಲಿ ಸುನಿಲ್ ಕುಮಾರ್ ಪಾಲ್ 1990ರ ದಶಕದಿಂದ ಬೀದಿನಾಯಿಗಳನ್ನು ಹಿಂಬಾಲಿಸಿ, ಅವುಗಳ ಕಾದಾಟ ಋತುಮಾನಕ್ಕೆ, ಬೆದೆಗೆ, ಹಾಲೂಡಿಸುವ ಕಾಲಕ್ಕೆ ತಕ್ಕಂತೆ ಏರಿಳಿಯುವುದನ್ನು ದಾಖಲಿಸಿದರು. ಐಸರ್ ಕೋಲ್ಕತ್ತದ ಅನಿಂದಿತಾ ಭದ್ರಾ ಅವರ ತಂಡ, ಮರಿಗಳು ಬೆಳೆದಂತೆ ತಾಯಿನಾಯಿ ಸಿಕ್ಕಿದ ಆಹಾರಕ್ಕೆ ಮರಿಗಳೊಡನೆಯೇ ಪೈಪೋಟಿಗೆ ನಿಲ್ಲುವುದನ್ನು ತೋರಿಸಿತು. ಬೀದಿಯಲ್ಲಿ ಆ ಮರಿ ಇನ್ನೊಂದು ಓಣಿಗೆ ಹೋದೀತು. ತಾಯಿಯೊಡನೆ ಹೆಣ್ಣುಮರಿಯನ್ನೂ ಇಟ್ಟುಕೊಂಡ ತೋಟದ ಮನೆಯಲ್ಲಿ ಅದು ಅದೇ ತಟ್ಟೆಯ ಪಕ್ಕ ದೊಡ್ಡದಾಗುತ್ತದೆ.

ನಮ್ಮ ಕರಾವಳಿಯ ಅಂಗಳದಲ್ಲಿ ಇದು ನಡೆಯುವ ಬಗೆ ಹೀಗೆ. ರಾತ್ರಿ ಊಟ ಮುಗಿದು ಅಡುಗೆಮನೆಯ ಹಿಂಬಾಗಿಲ ಚಿಲಕ ಸರಿದ ಸದ್ದಿಗೆ ಎರಡೂ ನಾಯಿ ಏಳುತ್ತವೆ. ಹಳೆಯದು ಕಂಬಕ್ಕೆ ಕಟ್ಟಿದ್ದು, ಸರಪಳಿ ಬಿಗಿಯುವವರೆಗೆ ಮುಂದೆ ಬರುತ್ತದೆ. ಚಿಕ್ಕದು ಬಿಟ್ಟದ್ದು, ಬಾಗಿಲ ಮೆಟ್ಟಿಲವರೆಗೂ ಓಡುತ್ತದೆ. ಮೀನುಸಾರು ಕಲಸಿದ ಅನ್ನ ಒಂದೇ ಕಲ್ಲುಮರಿಗೆಗೆ ಬೀಳುತ್ತದೆ. ಬೊಗಳಾಟ ಕೇಳುವ ಮೊದಲು ಒಂದು ನಿಶ್ಚಲತೆ ಬರುತ್ತದೆ. ಕಟ್ಟಿದ ನಾಯಿಯ ಬಾಲ ಮೇಲೆದ್ದು ಕಡ್ಡಿಯಂತೆ ನಿಲ್ಲುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಇದನ್ನು ಓದಬಲ್ಲ ನಾಯಿ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಆದರೆ ಹಿಂದೆ ಕೊಟ್ಟಿಗೆಯ ಗೋಡೆಯಿದ್ದರೆ, ಅಥವಾ ಹಿಂದೆ ಸರಿಯಬೇಕಾದದ್ದು ಕಟ್ಟಿದ ನಾಯಿಯೇ ಆಗಿದ್ದರೆ, ಆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಎಲ್ಲ ದೋಷವನ್ನೂ ಸರಪಳಿಗೆ ಹೊರಿಸುವುದು ಸುಲಭ. ಸಾಕ್ಷ್ಯ ಅಷ್ಟು ಸಲೀಸಾಗಿಲ್ಲ. 1994ರಲ್ಲಿ ಪ್ರಕಟವಾದ ಡೆನ್ವರ್ ನಗರದ ಅಧ್ಯಯನದಲ್ಲಿ, ಮನುಷ್ಯರನ್ನು ಕಚ್ಚಿದ ನಾಯಿಗಳು ಅಂಗಳದಲ್ಲಿ ಕಟ್ಟಿಹಾಕಿದವಾಗಿರುವ ಸಂಭವ ಸುಮಾರು 2.8 ಪಟ್ಟು ಹೆಚ್ಚು ಎಂದು ಕಂಡಿತು. ಆದರೆ ಕಚ್ಚುತ್ತದೆಂದೇ ಕಟ್ಟಿದ್ದರೂ ಇರಬಹುದಲ್ಲ. 2001ರಲ್ಲಿ ಹೌಪ್ಟ್ ತಂಡ ಕಟ್ಟಿದ ನಾಯಿಗಳನ್ನೂ ದೊಡ್ಡಿಯಲ್ಲಿ ಬಿಟ್ಟವನ್ನೂ ಹೋಲಿಸಿದಾಗ ನಡತೆಯಲ್ಲಿ ಹೇಳಿಕೊಳ್ಳುವಂಥ ಭೇದ ಸಿಗಲಿಲ್ಲ. ಇವೆರಡನ್ನೂ ಸೇರಿಸಿ ನಾನು ತೆಗೆಯುವ ತೀರ್ಮಾನ: ಕೆಡುಕು ಸರಪಳಿಗಿಂತ ಹೆಚ್ಚಾಗಿ ಒಂದನ್ನು ಕಟ್ಟಿ ಇನ್ನೊಂದನ್ನು ಅದರ ಮುಂದೆ ಬಿಡುವುದರಲ್ಲಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದನ್ನೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ ಹಿಂಸೆ ಎಂದೇ ಎಣಿಸುತ್ತದೆ. ‘ಸರಿ, ಎರಡನ್ನೂ ರಾತ್ರಿಯಿಡೀ ಬಿಟ್ಟುಬಿಡೋಣ’ ಎಂದರೆ ಗೇರುಸೊಪ್ಪೆ, ಹಾಡುವಳ್ಳಿ, ಕತಗಾಲದ ಕಡೆಯವರು ನಕ್ಕಾರು. ಕಾಡಂಚಿನಲ್ಲಿ ಬಿಟ್ಟ ನಾಯಿ ಚಿರತೆಯ ಪಾಲು. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಹ ಸಂಶೋಧಕರು ಚಿರತೆಯ ಆಹಾರದ ತೂಕದಲ್ಲಿ 39 ಶೇಕಡ ನಾಯಿಯೇ ಎಂದು ಕಂಡಿದ್ದಾರೆ. ಆದ್ದರಿಂದ ಬೇಕಾದದ್ದು ಎರಡು ಬೇರೆ ಗೂಡು, ಒಂದರ ಮುಖ ಇನ್ನೊಂದಕ್ಕೆ ಕಾಣದಂತೆ. ಅಂತರ ಕಾಯಲು ಕೋಣೆ, ಬಾಗಿಲು ಬೇಕು, ಅದು ಅಮೆರಿಕದ ಮನೆಗಳಿಗೆ ಸರಿ ಎನ್ನುವವರು ತಮ್ಮ ಹಿತ್ತಿಲನ್ನು ನೋಡಬೇಕು: ಕೊಟ್ಟಿಗೆ, ಕಟ್ಟಿಗೆಮನೆ, ಬಚ್ಚಲುಮನೆಯ ಹಿಂದು, ದಣಪೆಯ ಆಚೆ ಈಚೆ. ಅನ್ನ ಹಾಕಲು ಎರಡು ಮೂಲೆ ಸಿಗದ ಮನೆ ಈ ಕರಾವಳಿಯಲ್ಲಿ ಕಡಿಮೆ.

ಕಷ್ಟದ ಕಾಲ ಮಳೆಗಾಲ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಸುರಿಯುವ ಈ ಪಟ್ಟಿಯಲ್ಲಿ ಜೂನ್ ತಿಂಗಳಿಂದ ಅಂಗಳವೇ ಇಲ್ಲದಂತಾಗುತ್ತದೆ. ಎರಡೂ ನಾಯಿ ಜಗುಲಿಯ ಒಣ ಗೋಣಿಯೊಂದಕ್ಕೆ ಬಂದು ಸೇರುತ್ತವೆ. ಒದ್ದೆಯಲ್ಲಿ ಕಿವಿ ಸೋರುತ್ತದೆ, ಮುದಿನಾಯಿಯ ಕೀಲು ನೋಯುತ್ತದೆ. ನೋವಿರುವ ನಾಯಿ ಬೇಗ ಹಲ್ಲು ತೋರಿಸುವುದು ಪಶುವೈದ್ಯರಿಗೆಲ್ಲ ಗೊತ್ತಿರುವ ಮಾತು. ಮಳೆ ಇಳಿಯುತ್ತಿದ್ದಂತೆ ನಮ್ಮ ಊರುನಾಯಿಗಳ ಬೆದೆಯ ಕಾಲವೂ ಬರುತ್ತದೆ. ಹಳೆಯದು ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಅದರ ಸೊಕ್ಕು ಮುರಿಯಲು ಹೊರಡುವ ಮೊದಲು ಪಶು ಆಸ್ಪತ್ರೆಗೆ ಒಯ್ದು ಕಿವಿ, ಹಲ್ಲು, ಕಾಲು ತೋರಿಸುವುದು ಒಳ್ಳೆಯದು.

ಸಂತಾನಹರಣ ಚಿಕಿತ್ಸೆಯ ಬಗ್ಗೆ ಜನ ಎಣಿಸುವುದು ಸ್ವಲ್ಪ ಹೆಚ್ಚು. 1976ರ ಹಾರ್ಟ್ ತಂಡದ ವರದಿಯಲ್ಲಿ ಬೀಜ ತೆಗೆಸಿದ ಗಂಡುನಾಯಿಗಳ ಅಲೆದಾಟ 90 ಶೇಕಡದಷ್ಟರಲ್ಲಿ, ಗಂಡುಗಳ ನಡುವಿನ ಕಾದಾಟ 62 ಶೇಕಡದಷ್ಟರಲ್ಲಿ ತಗ್ಗಿತು. ಹೆಣ್ಣುನಾಯಿಗಳಲ್ಲಿ ಅದರಿಂದ ಬೆದೆಯ ಗದ್ದಲ ತಪ್ಪೀತು, ವೈರ ತಪ್ಪೀತೆಂಬ ಭರವಸೆಯಿಲ್ಲ. ತಳಿಯೂ ಲೆಕ್ಕಕ್ಕೆ ಬರುತ್ತದೆ. 1965ರಲ್ಲಿ ಪುಸ್ತಕವಾಗಿ ಬಂದ ಸ್ಕಾಟ್ ಮತ್ತು ಫುಲ್ಲರ್ ಅವರ ಪ್ರಯೋಗಗಳಲ್ಲಿ ಫಾಕ್ಸ್ ಟೆರಿಯರ್ ಮರಿಗಳನ್ನು ಕಚ್ಚಾಟದಿಂದಾಗಿ ಬೇರ್ಪಡಿಸಬೇಕಾಯಿತು, ಅದೇ ವ್ಯವಸ್ಥೆಯಲ್ಲಿ ಬೀಗಲ್‌ಗಳು ಹೊಂದಿಕೊಂಡಿದ್ದವು. ಹಾಗೆಂದರೆ ಯಾವ ಜೋಡಿಗೆ ಎಷ್ಟು ಅಂತರ ಬೇಕು ಎಂಬುದು ಬದಲಾಗುತ್ತದೆ ಎಂದಷ್ಟೇ ಅರ್ಥ. ಹೊಡೆದರೆ ಬುದ್ಧಿ ಬರುತ್ತದೆ ಎನ್ನುವವರಿಗೆ 2009ರ ಪೆನ್ಸಿಲ್ವೇನಿಯಾದ ಸಮೀಕ್ಷೆ ಉತ್ತರ ಕೊಟ್ಟಿದೆ. ಹೊಡೆದು ಒದ್ದ ಒಡೆಯರಲ್ಲಿ 43 ಶೇಕಡ, ಅಂಗಾತ ಕೆಡವಿದವರಲ್ಲಿ 31 ಶೇಕಡ ಮಂದಿ ತಮ್ಮ ನಾಯಿಯ ಸಿಟ್ಟನ್ನು ತಮ್ಮ ಮೇಲೇ ತಂದುಕೊಂಡಿದ್ದರು. ‘ಬಿಡಿ, ಅವೇ ತೀರ್ಮಾನ ಮಾಡಿಕೊಳ್ಳಲಿ’ ಎಂಬ ಮಾತು ಬೀದಿನಾಯಿಗಳಿಗೆ ಬಹುಪಾಲು ಸರಿ, ಏಕೆಂದರೆ ಸೋತದ್ದು ಓಡಬಹುದು; ಮನೆಯ ಜೋಡಿಗೆ ಆ ದಾರಿಯಿಲ್ಲ. ಹತ್ತಿಕೊಂಡ ಜಗಳದಲ್ಲಿ ಕೊರಳಪಟ್ಟಿಗೆ ಕೈಹಾಕುವುದಂತೂ ಬೇಡವೇ ಬೇಡ. ಒಂದು ಬಕೆಟ್ ನೀರು, ನಡುವೆ ತೂರಿಸಿದ ಹಲಗೆ ಅಥವಾ ತೆಂಗಿನ ಮಡಲು ಕೈಗಿಂತ ಮೇಲು. ಹಲ್ಲು ತಾಗಿದರೆ 15 ನಿಮಿಷ ಸೋಪಿನ ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮನೆಯದೇ ನಾಯಿಯಾದರೂ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಜೋಡಿ, ಅದರಲ್ಲೂ ಎರಡು ಹೆಣ್ಣುಗಳ ಜೋಡಿ, ಒಂದಾಗಿ ಬಾಳುವುದಿಲ್ಲ. ಒಂದನ್ನು ಬೇರೆ ಮನೆಗೆ ಕೊಡುವುದನ್ನು ಚಿಕಿತ್ಸಾಲಯಗಳ ಬರಹ ಸಾಮಾನ್ಯವಾಗಿ ಸೋಲಿನ ಖಾತೆಗೆ ಬರೆಯುತ್ತದೆ. ಮೆಕ್ ಕಂಡ ತೋಳಮರಿಗಳು ಬೆಳೆದ ಮೇಲೆ ಮಾಡಿದ್ದೇ ಅದು ಎಂದು ನೆನೆದರೆ ಈ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿಯ ಹಳ್ಳಿಗಳಲ್ಲಿ ಮರಿಯನ್ನು ಶರಾವತಿಯಾಚೆಯ ನೆಂಟರ ಮನೆಗೋ ಅಘನಾಶಿನಿ ದಂಡೆಯ ಪರಿಚಯದವರ ತೋಟಕ್ಕೋ ಕಳಿಸುವ ರೂಢಿ ಇದ್ದೇ ಇದೆ. ಅದನ್ನು ಗಾಯವಾದ ಮೇಲೆ ಮಾಡುವ ಬದಲು ಮೊದಲೇ ಮಾಡಬಹುದು: ಚಿಕ್ಕದನ್ನು ಕೊಡುವುದು, ಹಳೆಯದನ್ನು ಇಟ್ಟುಕೊಳ್ಳುವುದು, ರೇಬಿಸ್ ಲಸಿಕೆ ಹಾಕಿಸಿ, ಜಗಳದ ಸಂಗತಿ ಮುಚ್ಚಿಡದೆ, ಬೇರೆ ನಾಯಿಯಿಲ್ಲದ ಮನೆಗೆ ಕೊಡುವುದು. ಮೀನುಪೇಟೆಯಲ್ಲೋ ಘಟ್ಟದ ತಿರುವಿನಲ್ಲೋ ಇಳಿಸಿ ಬರುವುದು ಬೇರೆ ವಿಷಯ. ಅದು ಅದೇ 11ನೇ ಸೆಕ್ಷನ್ನಿನಡಿ ಅಪರಾಧ, ಮತ್ತು ಮನೆಯ ಅನ್ನಕ್ಕೆ ಒಗ್ಗಿದ ನಾಯಿಗೆ ಅಲ್ಲಿ ಎದುರಾಗುವುದು ಆ ಜಾಗವನ್ನು ಆಗಲೇ ಹಂಚಿಕೊಂಡಿರುವ ಗುಂಪು.