ಜವೆಗೋಧಿ, ಕಬ್ಬಿಣ ಮತ್ತು ಕಳೆದುಹೋದ ಒಂದು ಜೀನು

ನಮ್ಮ ಧಾರವಾಡದ ಕಡೆ ಹುಗ್ಗಿಗೆ, ಮಾದಲಿಗೆ ಜವೆಗೋಧಿನೇ ಆಗಬೇಕು ಅನ್ನೋ ಹಿರಿಯರು ಇನ್ನೂ ಇದ್ದಾರೆ. ಕೆಲವರಿಗೆ ಇದು ಸದಕ, ಮರಾಠಿ ಸೀಮೆಗೆ ಹೋದರೆ ಖಪ್ಲಿ, ವಿಜ್ಞಾನಿಗಳ ಬಾಯಲ್ಲಿ ಡೈಕೋಕಮ್. ತೆನೆ ಬಡಿದರೂ ಕಾಳು ಹೊಟ್ಟು ಬಿಡೋದಿಲ್ಲ, ಕುಟ್ಟಿಯೇ ಬಿಡಿಸಬೇಕು. ಈಗ ಪೇಟೆಯಲ್ಲಿ ಇದನ್ನು ಸಕ್ಕರೆ ಕಾಯಿಲೆಗೆ ರಾಮಬಾಣ ಅಂತ ಪೊಟ್ಟಣ ಕಟ್ಟಿ ಮಾರುತ್ತಾರೆ. ಆ ಮಾತು ಬಿಡಿ. ಇದರ ನಿಜವಾದ ಚರಿತ್ರೆ ಪೊಟ್ಟಣದ ಮೇಲೆ ಬರೆದಿರೋದಕ್ಕಿಂತ ಸ್ವಾರಸ್ಯವಾಗಿದೆ.

1922ರಲ್ಲಿ ಅಮೆರಿಕದ ಸ್ಟೇಕ್‌ಮನ್ ಮತ್ತು ಲೆವಿನ್, ಕಾಂಡದ ತುಕ್ಕುರೋಗದ ಬಗೆಗಳನ್ನು ಗುರುತಿಸಲು ಹನ್ನೆರಡು ಗೋಧಿಗಳ ಒಂದು ಪಟ್ಟಿ ಮಾಡಿದರು. ಅದರಲ್ಲಿ 'ಖಪ್ಲಿ' ಅನ್ನೋ ಹೆಸರೂ ಇದೆ! ತುಕ್ಕಿಗೆ ಸುಲಭಕ್ಕೆ ಬಗ್ಗದ ತಳಿ ಅಂತ ನಮ್ಮ ಈ ಗೋಧಿ ಜಗತ್ತಿನ ರೋಗಶಾಸ್ತ್ರದ ಪ್ರಯೋಗಾಲಯಗಳಲ್ಲಿ ಕೂತಿತ್ತು.

ಕಬ್ಬಿಣದ ಕಥೆ ಶುರುವಾಗೋದು ಇನ್ನೊಂದು ಕಡೆಯಿಂದ. 1906ರಲ್ಲಿ ಆರನ್ ಆರನ್‌ಸನ್ ಎಂಬಾತ ಪ್ಯಾಲೆಸ್ಟೈನಿನ ರೋಶ್ ಪಿನಾದಲ್ಲಿ ಜವೆಗೋಧಿಯ ಕಾಡು ಪೂರ್ವಜನನ್ನು ಪತ್ತೆ ಮಾಡಿದ. ಸರಿಯಾಗಿ ನೂರು ವರ್ಷ ಬಿಟ್ಟು, 2006ರಲ್ಲಿ, ಕ್ರಿಸ್ಟೋಬಾಲ್ ಉವಾಯ್, ಹೋರ್ಹೆ ಡುಬ್ಕೋವ್‌ಸ್ಕಿ ಮತ್ತು ಸಂಗಡಿಗರು ಆ ಕಾಡುಗೋಧಿಯ ಒಂದು ಜೀನನ್ನು ಬಿಡಿಸಿ ತೋರಿಸಿದರು. ಹೆಸರು ನ್ಯಾಮ್-ಬಿ1. ಅದರ ಕೆಲಸ ವಿಚಿತ್ರ: ಎಲೆಯನ್ನು ಬೇಗ ಹಣ್ಣಾಗಿಸುತ್ತದೆ. ಎಲೆ ಸಾಯೋ ಮುಂಚೆ ತನ್ನಲ್ಲಿದ್ದ ಸಾರಜನಕ, ಕಬ್ಬಿಣ, ಸತುವನ್ನೆಲ್ಲ ಕಾಳಿಗೆ ದಾಟಿಸುತ್ತದೆ, ಮನೆಯ ಹಿರಿಯ ಕಣ್ಣು ಮುಚ್ಚೋ ಮೊದಲು ಆಸ್ತಿ ಮಕ್ಕಳ ಹೆಸರಿಗೆ ಮಾಡಿಟ್ಟ ಹಾಗೆ. ಈ ಬಗೆಯ ಜೀನುಗಳನ್ನು ತಗ್ಗಿಸಿದಾಗ ಎಲೆ ಮೂರು ವಾರಕ್ಕೂ ಹೆಚ್ಚು ಹಸಿರಾಗೇ ಉಳಿಯಿತು, ಕಾಳಿನ ಪ್ರೋಟೀನು, ಕಬ್ಬಿಣ, ಸತು ಶೇ. 30ಕ್ಕಿಂತ ಜಾಸ್ತಿ ಇಳಿಯಿತು.

ಅವರು ಪರೀಕ್ಷಿಸಿದ ಜವೆ ತಳಿಗಳಲ್ಲಿ ಹೆಚ್ಚಿನವುಗಳಲ್ಲಿ ಈ ಜೀನು ಸರಿಯಾಗಿತ್ತು. ಡ್ಯೂರಂ ಗೋಧಿಯಲ್ಲಿ ಒಂದೇ ಒಂದು ಅಕ್ಷರ ಸೇರಿಕೊಂಡು ಕೆಟ್ಟುಹೋಗಿತ್ತು. ಚಪಾತಿ-ಬ್ರೆಡ್ಡಿನ ಆಧುನಿಕ ಗೋಧಿಗಳಲ್ಲಂತೂ ಬಹುಮಟ್ಟಿಗೆ ಜೀನೇ ಮಾಯ. ಅಂದರೆ ಸುಲಭವಾಗಿ ಬಡಿಯಲು ಬರುವ ದಪ್ಪ ಕಾಳಿನ ಹಿಂದೆ ಓಡುವಾಗ, ಗೊತ್ತಿಲ್ಲದೇ ಒಂದನ್ನು ದಾರೀಲಿ ಬೀಳಿಸಿಕೊಂಡು ಬಂದಿದ್ದೇವೆ.

ಆಮೇಲೆ ಗಿಡ್ಡ ಗೋಧಿ ಬಂತು. 1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಬೀಜ ತರಿಸಿತು. ಹಸಿವಿನ ಕಾಲ, ತರಿಸಿದ್ದು ಸರಿಯೇ. ಅದನ್ನು ಹೀಗಳೆಯೋದು ಹೊಟ್ಟೆ ತುಂಬಿದವರ ಮಾತು ಅಂತ ನನ್ನ ಅನಿಸಿಕೆ. ಆದರೆ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1845ರಿಂದ ಕೂಡಿಟ್ಟ ಕಾಳುಗಳನ್ನು ಅಳೆದಾಗ, 1960ರ ದಶಕದ ನಡುವಿನವರೆಗೆ ಹೆಚ್ಚು ಬದಲಾಗದ ಖನಿಜಾಂಶ, ಗಿಡ್ಡ ತಳಿಗಳು ಬಂದಮೇಲೆ ಇಳಿದದ್ದು ಕಂಡಿತು. ಇಳುವರಿ ಏರಿತು, ಕಬ್ಬಿಣ ತೆಳುವಾಯಿತು.

ನಮ್ಮ ಭಾಗದ ಎತ್ತರದ ಜವೆಗೋಧಿಗೆ ಗೊಬ್ಬರ-ನೀರು ಕೊಟ್ಟರೆ ಮಲಗಿಬಿಡುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು (1986ರಲ್ಲಿ ಶುರುವಾದದ್ದು, ಕಾಲೇಜು 1947ರದು) ಅದನ್ನು ಕೈಬಿಡಲಿಲ್ಲ. ಗಿಡ್ಡ ನಿಲುವಿನ ಡಿಡಿಕೆ 1001, 1009, 1025, 1029 ತಳಿಗಳು ಇಲ್ಲಿಂದಲೇ ಬಂದವು. ಜವೆ ಮತ್ತು ಡ್ಯೂರಂ ಎರಡಕ್ಕೂ ವರ್ಣತಂತುಗಳು 28, ಹಾಗಾಗಿ ಸಂಕರ ಸಲೀಸು. 42 ಇರುವ ಚಪಾತಿ ಗೋಧಿಗೆ ಕೂಡಿಸಿದರೆ ಸಂತಾನ 35ಕ್ಕೆ ಬಂದು ಲೆಕ್ಕ ತಪ್ಪುತ್ತದೆ, ತಲೆಮಾರುಗಟ್ಟಲೆ ಆರಿಸಬೇಕು.

ಈಗ ಕಬ್ಬಿಣಕ್ಕೆಂದೇ ಬೆಳೆಸುವ ಕಾಲ. ಸಾಮಾನ್ಯ ತಳಿಗಳಲ್ಲಿ ಹತ್ತು ಲಕ್ಷಕ್ಕೆ 28ರಿಂದ 32 ಭಾಗ ಕಬ್ಬಿಣ ಇದ್ದರೆ, ಕರ್ನಾಟಕ-ಮಹಾರಾಷ್ಟ್ರಕ್ಕೆಂದು 2018ರಲ್ಲಿ ಬಂದ ಡ್ಯೂರಂ ತಳಿಗಳಲ್ಲಿ ಹೆಚ್ಚು: ಎಚ್‌ಐ 8777ರಲ್ಲಿ 48.7, ಪುಣೆಯ ಎಂಎಸಿಎಸ್ 4028ರಲ್ಲಿ 46.1. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಈ ಹದಿನೈದು-ಇಪ್ಪತ್ತು ಅಂಕಿಗೆ ಬೆಲೆ ಬರೋದು ಅದಕ್ಕೇ. ಆದರೆ ಕಾಳಿನ ಕಬ್ಬಿಣದ ದೊಡ್ಡ ಪಾಲು ಹೊರಪದರದಲ್ಲಿರುತ್ತದೆ, ಅದನ್ನು ಹಿಡಿದಿಡುವ ಫೈಟೇಟೂ ಅಲ್ಲೇ. ಮೈದಾ ಮಾಡಿದರೆ ಎರಡೂ ತವುಡಿನ ಜೊತೆ ದನದ ಬಾಯಿಗೆ. ಹುಗ್ಗಿಗೆ ಕುಟ್ಟುವಾಗಲೂ ಸ್ವಲ್ಪ ಹೋಗುತ್ತದೆ, ಮೈದಾದಷ್ಟಲ್ಲ.